ಗಾಳಿ, ರೈಲು, ಹಳೆಯ ಉಕ್ಕಿನ ಸೇತುವೆ: ಬಲ ಅಳೆಯುವ ಕ್ರಮ

ಹಳೆಯ ಉಕ್ಕಿನ ಸೇತುವೆಯ ಬಲ ಅಳೆಯಲು ಹೋದವರ ಕಣ್ಣು ಮೊದಲು ಬೀಳುವುದು ದೊಡ್ಡ ಗರ್ಡರ್‌ಗಳ (ಹಳಿ ಹೊತ್ತ ಉದ್ದ ತೊಲೆಗಳ) ಮೇಲೆ. ರೈಲಿನ ಭಾರದ ಮಟ್ಟಿಗೆ ಅದು ಸರಿ. ಗಾಳಿಯ ಮಾತು ಬಂದಾಗ ಗರ್ಡರ್ ಕೊನೆಗೆ ನೋಡಬೇಕಾದದ್ದು. ಸಾಮಾನ್ಯವಾಗಿ ಮೊದಲು ಸೋಲುವುದು ಬ್ರೇಸಿಂಗಿನ (ಗರ್ಡರ್‌ಗಳನ್ನು ಪಕ್ಕಕ್ಕೆ ಓಲದಂತೆ ಹಿಡಿಯುವ ಕಟ್ಟು) ತೆಳ್ಳನೆಯ ಆಂಗಲ್ (ಎಲ್ ಆಕಾರದ ಪಟ್ಟಿ), ಅದನ್ನು ಹಿಡಿದ ನಾಲ್ಕೈದು ರಿವೆಟ್, ಬೇರಿಂಗಿನ (ಗರ್ಡರ್ ತುದಿ ಕೂರುವ ಆಸನ) ಕೆಳಗೆ ಕಾಣದಂತೆ ಕೂತ ಬೋಲ್ಟು.

1879ರ ಡಿಸೆಂಬರ್ 28ರಂದು ಸ್ಕಾಟ್ಲೆಂಡಿನ ಟೇ ಸೇತುವೆಯ ಎತ್ತರದ 13 ಸ್ಪ್ಯಾನ್‌ಗಳು (ಕಂಬದಿಂದ ಕಂಬದವರೆಗಿನ ಭಾಗಗಳು) ರೈಲಿನ ಸಮೇತ ನದಿಗೆ ಬಿದ್ದವು. ವಿನ್ಯಾಸದಲ್ಲಿ ಗಾಳಿಗೆಂದು ಲೆಕ್ಕವನ್ನೇ ಹಿಡಿದಿರಲಿಲ್ಲ. ಆದರೂ ಮೊದಲು ಮುರಿದದ್ದು ಗರ್ಡರ್ ಅಲ್ಲ, ಕಂಬಗಳ ಬ್ರೇಸಿಂಗ್ ಹಿಡಿದಿದ್ದ ಎರಕದ ಕಬ್ಬಿಣದ ಕಿವಿಗಳು. ಅವುಗಳ ಬೋಲ್ಟ್ ತೂತುಗಳು ಎರಕದಲ್ಲೇ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದವು; ಬೋಲ್ಟು ಪೂರ್ತಿ ದಪ್ಪಕ್ಕೆ ಒರಗದೆ ಅಂಚಿಗಷ್ಟೇ ಒರಗುತ್ತಿತ್ತು. 2003ರ ಜುಲೈ 21ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಕಿಂಜುವಾ ಸೇತುವೆಯ 20 ಗೋಪುರಗಳಲ್ಲಿ 11 ಸುಂಟರಗಾಳಿಗೆ ಉರುಳಿದವು. ಅಲ್ಲಿ ಸೋತದ್ದು ಬುಡದ ಬೋಲ್ಟು: 1900ರಲ್ಲಿ ಸೇತುವೆಯನ್ನು ಉಕ್ಕಿನಲ್ಲಿ ಮರುಕಟ್ಟುವಾಗ 1882ರ ಹಳೆಯ ಆಂಕರ್ ಬೋಲ್ಟುಗಳನ್ನೇ ಜೋಡಣೆ ಹಾಕಿ ಉಳಿಸಿಕೊಂಡಿದ್ದರು, ಅವು ಒಳಗೊಳಗೇ ತುಕ್ಕು ತಿಂದಿದ್ದವು.

ಮುಂದಿನ ಹಂತಗಳನ್ನು ಭಾರತದ ಬ್ರಾಡ್‌ಗೇಜ್ ರಿವೆಟ್ ಸೇತುವೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ನಿಯಮದ ಅಂಕಿಗಳು ರೈಲ್ವೆಯ ಬ್ರಿಜ್ ರೂಲ್ಸ್ ಮತ್ತು ಸ್ಟೀಲ್ ಬ್ರಿಜ್ ಕೋಡ್‌ನವು. ಇವಕ್ಕೆ ತಿದ್ದುಪಡಿ ಚೀಟಿಗಳು ಬರುತ್ತಲೇ ಇರುತ್ತವೆ. ಲೆಕ್ಕಕ್ಕೆ ಕೂರುವ ಮೊದಲು ಕೈಯಲ್ಲಿರುವ ಪ್ರತಿಗೆ ಕೊನೆಯ ಚೀಟಿ ಅಂಟಿದೆಯೇ ನೋಡಿಕೊಳ್ಳಿ.

1. ಕಾಗದ ಮೊದಲು, ಏಣಿ ಆಮೇಲೆ

ಮೂಲ ನಕ್ಷೆ, ಸ್ಟ್ರೆಸ್ ಶೀಟ್ (ಅಂಗ ಅಂಗದ ಒತ್ತಡದ ಪಟ್ಟಿ), ಬ್ರಿಜ್ ರಿಜಿಸ್ಟರ್, ಹಿಂದಿನ ತಪಾಸಣೆ ವರದಿಗಳನ್ನು ತರಿಸಿ. ಅವುಗಳಲ್ಲಿ ಹುಡುಕಬೇಕಾದದ್ದು ಮೂರು.

ಮೊದಲನೆಯದು, ಯಾವ ಭಾರಕ್ಕೆಂದು ಕಟ್ಟಿದ್ದು. 1926ರ ಮೇನ್‌ಲೈನ್ ಮಾನಕದಲ್ಲಿ ಎಕ್ಸೆಲ್ ಭಾರ 22.9 ಟನ್. 1987ರ ಎಂಬಿಜಿಯಲ್ಲಿ (ಮಾಡಿಫೈಡ್ ಬ್ರಾಡ್‌ಗೇಜ್ ಮಾನಕ) ಇಂಜಿನ್ ಎಕ್ಸೆಲ್ 25 ಟನ್, ಹಿಂದಿನ ಬೋಗಿಗಳದ್ದು ಮೀಟರಿಗೆ 8.25 ಟನ್. 2008ರ 25 ಟನ್ ಲೋಡಿಂಗ್‌ನಲ್ಲಿ ಎಕ್ಸೆಲ್ ಅಷ್ಟೇ ಇದ್ದರೂ ಹಿಂದಿನ ಭಾರ ಏರಿತು. 1926ರ ಮಾನಕದ ಸೇತುವೆಯ ಮೇಲೆ ಇಂದಿನ ಗೂಡ್ಸ್ ಓಡುತ್ತಿದ್ದರೆ ಮೂಲ ಸ್ಟ್ರೆಸ್ ಶೀಟಿನ ಅಂಕಿಯನ್ನು ಹಾಗೇ ನಂಬುವಂತಿಲ್ಲ.

ಎರಡನೆಯದು, ಲೋಹ ಯಾವುದು. 19ನೇ ಶತಮಾನದ ಗರ್ಡರ್ ಆದರೆ ಅದು ರಾಟ್ ಐರನ್ (ಬಡಿದು ಮಾಡಿದ ಕಬ್ಬಿಣ) ಇರಬಹುದು. ಆ ಕಾಲದ ಉಕ್ಕನ್ನು ರೈಲ್ವೆಯವರು 'ಅರ್ಲಿ ಸ್ಟೀಲ್' ಎಂದು ಬೇರೆಯೇ ಪಟ್ಟಿ ಮಾಡುತ್ತಾರೆ. ಇದರಲ್ಲಿ ರಂಜಕ ಹೆಚ್ಚು, ಬಾಗದೆ ಫಟ್ಟೆಂದು ಒಡೆಯುವ ಸ್ವಭಾವ. ಸಂಶಯವಿದ್ದರೆ ಒತ್ತಡ ಕಡಿಮೆ ಇರುವ ಜಾಗದಿಂದ, ಉದಾಹರಣೆಗೆ ಗರ್ಡರ್ ತುದಿಯ ಹತ್ತಿರದ ಫ್ಲೇಂಜ್ (ಗರ್ಡರಿನ ಮೇಲಿನ, ಕೆಳಗಿನ ಅಡ್ಡ ಪಟ್ಟಿ) ಆಂಗಲ್‌ನ ಅಂಚಿನಿಂದ, ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳಿಸಿ. ತೆಗೆದ ಜಾಗದ ಮೂಲೆಗಳನ್ನು ಉರುಟಾಗಿ ಉಜ್ಜಿ ನಯ ಮಾಡಬೇಕು; ಚೂಪು ಮೂಲೆ ಉಳಿಸಿದರೆ ಮುಂದಿನ ಬಿರುಕಿಗೆ ನೀವೇ ಜಾಗ ಮಾಡಿಕೊಟ್ಟ ಹಾಗೆ. ಈ ಲೋಹಗಳ ಮೇಲೆ ವೆಲ್ಡಿಂಗ್ ಬೇಡವೇ ಬೇಡ. ರಾಟ್ ಐರನ್ ಪದರ ಪದರವಾಗಿ ಇರುತ್ತದೆ, ವೆಲ್ಡ್ ಮೇಲಿನ ಪದರವನ್ನಷ್ಟೇ ಹಿಡಿದುಕೊಂಡು ಕಿತ್ತುಬರುತ್ತದೆ.

ಮೂರನೆಯದು, ನಕ್ಷೆಯಲ್ಲಿ ಇಲ್ಲದ್ದು. ಮರದ ಸ್ಲೀಪರ್ ಹೋಗಿ ಉಕ್ಕಿನ ಚಾನೆಲ್ ಸ್ಲೀಪರ್ ಬಂದಿರುತ್ತದೆ, ಪಕ್ಕದಲ್ಲಿ ನಡೆದಾಡುವ ಹಲಗೆ, ಕೇಬಲ್ ಟ್ರೇ, ಎಲ್ಲೋ ಒಂದು ನೀರಿನ ಪೈಪು. ಇವೆಲ್ಲ ಸ್ವಂತ ಭಾರಕ್ಕೂ ಸೇರುತ್ತವೆ, ಗಾಳಿಗೆ ಎದುರಾಗುವ ವಿಸ್ತೀರ್ಣಕ್ಕೂ ಸೇರುತ್ತವೆ. ಭಾರ ಸೇರಿಸಲು ಯಾರೂ ಮರೆಯುವುದಿಲ್ಲ, ವಿಸ್ತೀರ್ಣ ಮರೆಯುವವರೇ ಹೆಚ್ಚು.

2. ಸೇತುವೆಯ ಮೇಲೆ

ಟ್ರಾಫಿಕ್ ಬ್ಲಾಕ್ (ರೈಲು ಓಡದಂತೆ ಗೊತ್ತು ಮಾಡಿದ ಅವಧಿ) ಇಲ್ಲದೆ ಇಳಿಯಬೇಡಿ. ವಿದ್ಯುದೀಕರಣ ಆಗಿರುವ ಥ್ರೂ ಟ್ರಸ್ (ತ್ರಿಕೋನ ಜೋಡಣೆಯ ಚೌಕಟ್ಟುಗಳ ನಡುವೆ ರೈಲು ಹಾಯುವ ಸೇತುವೆ) ಆದರೆ ತಲೆಯ ಮೇಲೆ 25,000 ವೋಲ್ಟ್ ತಂತಿ ಇರುತ್ತದೆ. ಮೇಲಿನ ಬ್ರೇಸಿಂಗ್ ನೋಡಲು ಪವರ್ ಬ್ಲಾಕ್ (ವಿದ್ಯುತ್ ಕಡಿತ) ಪ್ರತ್ಯೇಕವಾಗಿ ಬೇಕು.

ಬೇಕಾಗುವ ಸಾಮಾನು: 110 ಗ್ರಾಂನ ರಿವೆಟ್ ಸುತ್ತಿಗೆ, ವೈರ್ ಬ್ರಷ್, ಕೆರೆಯುವ ಚಪ್ಪಟೆ ಉಳಿ, ವರ್ನಿಯರ್ ಕ್ಯಾಲಿಪರ್, ಅಲ್ಟ್ರಾಸೋನಿಕ್ ದಪ್ಪಮಾಪಕ, ಬಿರುಕು ತೋರಿಸುವ ಡೈ ಪೆನೆಟ್ರೆಂಟ್ ಡಬ್ಬಿಗಳ ಜೋಡಿ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಕೈಗನ್ನಡಿ, ಪ್ರಖರ ಟಾರ್ಚು, ಲೆವೆಲ್ ಯಂತ್ರ.

ರಿವೆಟ್ ಪರೀಕ್ಷೆ ಕೈ ಮತ್ತು ಕಿವಿಯ ಕೆಲಸ. ಎಡಗೈ ಬೆರಳನ್ನು ತಲೆಯ ಒಂದು ಬದಿಗೆ, ಪ್ಲೇಟನ್ನೂ ಮುಟ್ಟುವಂತೆ ಇಟ್ಟು, ಎದುರು ಬದಿಯಿಂದ ಸುತ್ತಿಗೆಯಲ್ಲಿ ಚುರುಕಾಗಿ ಒಮ್ಮೆ ಹೊಡೆಯಿರಿ. ಬಿಗಿಯಾದದ್ದು ಕಂಚಿನ ಗಂಟೆಯಂತೆ ಟಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಸಡಿಲವಾದದ್ದು ಮಂಕು ಸದ್ದು ಕೊಟ್ಟು ಬೆರಳಿಗೆ ಅದುರು ತಗಲಿಸುತ್ತದೆ. ತಲೆಯ ಸುತ್ತ ಕಂದುಗೆಂಪು ಪುಡಿ ಇಳಿದ ಗೆರೆ ಕಂಡರೆ ಹೊಡೆಯುವ ಮೊದಲೇ ಗೊತ್ತಾಗುತ್ತದೆ: ಅದು ನಿಂತ ತುಕ್ಕಲ್ಲ, ಪ್ಲೇಟು ಪ್ಲೇಟು ಉಜ್ಜಿ ಉದುರಿದ ಪುಡಿ. ಬಣ್ಣ ಬಳಿದು ವಾರವಾಗಿರುವ ಸೇತುವೆಯಲ್ಲಿ ಈ ಸುಳಿವು ಮುಚ್ಚಿಹೋಗಿರುತ್ತದೆ. ಆದ್ದರಿಂದ ಬಣ್ಣಕ್ಕೆ ಮುಂಚೆ ತಪಾಸಣೆಯಾಗಬೇಕು.

ದಪ್ಪ ಅಳೆಯುವಾಗ ಸುಲಭಕ್ಕೆ ಸಿಗುವ ವೆಬ್ಬಿನ (ಗರ್ಡರಿನ ನಿಂತ ಪ್ಲೇಟು) ನಡುಭಾಗವನ್ನೇ ಅಳೆದು ಬರುವುದು ಸಾಮಾನ್ಯ ತಪ್ಪು. ತುಕ್ಕು ಅಲ್ಲಿ ಇರುವುದಿಲ್ಲ. ಸ್ಲೀಪರ್ ಕೂರುವ ಮೇಲಿನ ಫ್ಲೇಂಜ್, ಕೆಳಗಿನ ಬ್ರೇಸಿಂಗಿನ ಗಸೆಟ್ (ಜೋಡಣೆ) ಪ್ಲೇಟುಗಳ ಮೇಲ್ಮೈ, ಬೇರಿಂಗ್ ಹತ್ತಿರದ ವೆಬ್ಬಿನ ತಳ, ಎರಡು ಆಂಗಲ್ ಬೆನ್ನಿಗೆ ಬೆನ್ನು ಕೂಡಿದ ಸಂದು, ಹಕ್ಕಿ ಗೂಡು ಕಟ್ಟಿದ ಮೂಲೆ: ನೀರು, ಕಸ ನಿಲ್ಲುವುದು ಇಲ್ಲೆಲ್ಲ. ಪ್ರತಿ ಜಾಗದಲ್ಲಿ ಬಣ್ಣ ಕೆರೆದು, ಲೋಹ ಕಾಣಿಸಿ, ಕನಿಷ್ಠ ಮೂರು ಕಡೆ ಅಳೆದು ಚಿಕ್ಕದನ್ನು ಬರೆದುಕೊಳ್ಳಿ. ಬಣ್ಣದ ಮೇಲಿಂದ ಅಳೆದರೆ ಬಣ್ಣದ ಪದರವೂ ಉಕ್ಕೆಂದು ಎಣಿಕೆಯಾಗುತ್ತದೆ.

ಬೇರಿಂಗನ್ನು ಎರಡು ಪ್ರಶ್ನೆ ಕೇಳಿ. ಓಡಾಡುತ್ತಿದೆಯೇ? 30.5 ಮೀ. ಸ್ಪ್ಯಾನ್ 40 ಡಿಗ್ರಿ ತಾಪ ವ್ಯತ್ಯಾಸಕ್ಕೆ ಸುಮಾರು 14.6 ಮಿ.ಮೀ. ಹಿಗ್ಗುತ್ತದೆ, 76.2 ಮೀ. ಸ್ಪ್ಯಾನ್ ಸುಮಾರು 36.6 ಮಿ.ಮೀ. ಬೆಳಿಗ್ಗೆ ಆರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಧ್ಯಾಹ್ನ ಎರಡಕ್ಕೆ ನೋಡಿ. ಗೆರೆ ಸರಿಯದಿದ್ದರೆ ಬೇರಿಂಗ್ ಕಚ್ಚಿಕೊಂಡಿದೆ, ಆ ಎಳೆತವೆಲ್ಲ ಕಂಬದ ತಲೆಗೆ ಹೋಗುತ್ತಿದೆ. ಎರಡನೆಯದು, ಹಿಡಿದುಕೊಂಡಿದೆಯೇ? ಆಂಕರ್ ಬೋಲ್ಟಿನ ನಟ್ಟು ಮೇಲೆ ಚೆನ್ನಾಗಿಯೇ ಕಾಣುತ್ತದೆ, ತುಕ್ಕು ತಿನ್ನುವುದು ಬೆಡ್ ಪ್ಲೇಟಿನ ಕೆಳಗಿನ ಎರಡು ಬೆರಳಿನಷ್ಟು ಜಾಗವನ್ನು. ಅಲ್ಲಿನ ಗಾರೆ ಕೆದಕಿ ನೋಡಿ, ಅಥವಾ ಬೋಲ್ಟಿನ ತಲೆಯಿಂದ ಅಲ್ಟ್ರಾಸೋನಿಕ್ ಅಲೆ ಹಾಯಿಸಿ. ಕಿಂಜುವಾದಲ್ಲಿ ಎಡವಿದ್ದು ಈ ಜಾಗದಲ್ಲೇ.

ಕ್ಯಾಂಬರ್ ಅನ್ನು, ಅಂದರೆ ಗರ್ಡರ್‌ಗೆ ಕಟ್ಟುವಾಗಲೇ ಕೊಟ್ಟ ಮೇಲ್ಮುಖ ಬಾಗನ್ನು, ಬಿಸಿಲೇರುವ ಮೊದಲು ಅಳೆಯಿರಿ. ಮೇಲ್ಭಾಗ ಕಾದು ಕೆಳಭಾಗ ತಣ್ಣಗಿದ್ದಾಗ ಗರ್ಡರ್ ತಾನಾಗಿಯೇ ಬೆನ್ನು ಎತ್ತುತ್ತದೆ, ಕಳೆದುಹೋದ ಕ್ಯಾಂಬರ್ ಆಗ ಕಾಣುವುದಿಲ್ಲ.

3. ರೈಲಿನ ಭಾರ

ಓಡುವ ರೈಲು ನಿಂತ ರೈಲಿಗಿಂತ ಹೆಚ್ಚು ತೂಗುತ್ತದೆ. ಈ ಹೆಚ್ಚಳವೇ ಸಿಡಿಎ (ಕೊಎಫಿಶಿಯೆಂಟ್ ಆಫ್ ಡೈನಾಮಿಕ್ ಆಗ್ಮೆಂಟ್). ಬ್ರಾಡ್‌ಗೇಜ್ ಒಂಟಿ ಹಳಿಗೆ ಸೂತ್ರ 0.15 + 8 ÷ (6 + ಎಲ್), ಗರಿಷ್ಠ 1.0. ಎಡವುವುದು 'ಎಲ್' ಎಂದರೇನು ಎಂಬಲ್ಲಿ. ಮುಖ್ಯ ಗರ್ಡರ್‌ಗೆ ಅದು ಆ ಅಂಗದಲ್ಲಿ ಅತಿ ಹೆಚ್ಚು ಒತ್ತಡ ಬರುವಾಗ ರೈಲು ತುಂಬಿರುವ ಉದ್ದ. ಸ್ಟ್ರಿಂಜರ್‌ಗೆ (ಹಳಿಯ ಕೆಳಗೆ ಉದ್ದಕ್ಕೆ ಓಡುವ ಚಿಕ್ಕ ತೊಲೆ) ಕ್ರಾಸ್ ಗರ್ಡರ್‌ಗಳ (ಅದನ್ನು ಹೊತ್ತ ಅಡ್ಡ ತೊಲೆಗಳ) ಅಂತರದ 1.5 ಪಟ್ಟು. ಕ್ರಾಸ್ ಗರ್ಡರ್‌ಗೆ ಅದೇ ಅಂತರದ 2.5 ಪಟ್ಟು. ಎಲ್ಲಕ್ಕೂ ಸ್ಪ್ಯಾನಿನ ಉದ್ದವನ್ನೇ ಹಾಕಿದರೆ ಚಿಕ್ಕ ಅಂಗಗಳು ಸುಳ್ಳು ಪಾಸಾಗುತ್ತವೆ. ಕ್ರಾಸ್ ಗರ್ಡರ್ 6 ಮೀ.ಗೊಂದು ಇರುವ 60 ಮೀ. ಟ್ರಸ್ ತೆಗೆದುಕೊಳ್ಳಿ: ಸ್ಪ್ಯಾನ್ ಪೂರ್ತಿ ತುಂಬಿದಾಗ ಮುಖ್ಯ ಟ್ರಸ್ಸಿಗೆ ಸಿಡಿಎ 0.27, ಕ್ರಾಸ್ ಗರ್ಡರ್‌ಗೆ 0.53, ಸ್ಟ್ರಿಂಜರ್‌ಗೆ 0.68. ಎಕ್ಸೆಲ್ ಭಾರ ಏರಿಸಿದಾಗ ಮೊದಲು ಕೂಗುವುದು ಸ್ಟ್ರಿಂಜರ್ ಯಾಕೆ ಎಂಬುದಕ್ಕೆ ಈ ಮೂರು ಅಂಕಿ ಸಾಕು.

ತಿರುವಿನಲ್ಲಿರುವ ಸೇತುವೆಗೆ ಕೇಂದ್ರಾಪಗಾಮಿ ಬಲ ಸೇರುತ್ತದೆ: ಮೀಟರಿಗೆ ಇಷ್ಟು ಟನ್ ಎಂಬ ಭಾರವನ್ನು ವೇಗದ ವರ್ಗದಿಂದ ಗುಣಿಸಿ, ತಿರುವಿನ ತ್ರಿಜ್ಯದ 127 ಪಟ್ಟಿನಿಂದ ಭಾಗಿಸಿ. ವೇಗ ಗಂಟೆಗೆ ಕಿ.ಮೀ.ಯಲ್ಲಿ, ತ್ರಿಜ್ಯ ಮೀಟರಿನಲ್ಲಿ. ಹಳಿಯಿಂದ 1,830 ಮಿ.ಮೀ. ಮೇಲೆ ಇದು ಕೆಲಸ ಮಾಡುತ್ತದೆ ಎಂದು ಹಿಡಿಯಬೇಕು. ಗಾಳಿಯೂ ಅದೇ ದಿಕ್ಕಿಗೆ ಬೀಸಿತು ಎಂದುಕೊಂಡೇ ಕೂಡಿಸಿ.

ಇನ್ನೊಂದು ಅಡ್ಡಬಲ ರ‍್ಯಾಕಿಂಗ್. ನೇರ ಹಳಿಯಲ್ಲೂ ಬೋಗಿ ಎಡಕ್ಕೂ ಬಲಕ್ಕೂ ಓಲಾಡುತ್ತ ಒದೆಯುತ್ತದೆ. ಅದಕ್ಕೆ ಮೀಟರಿಗೆ 600 ಕೆ.ಜಿ., ಚಲಿಸುವ ಭಾರವಾಗಿ. ಇದನ್ನು ಹಳಿ ಇರುವ ಮಟ್ಟದ ಬ್ರೇಸಿಂಗಿಗೆ ಮಾತ್ರ ಎಣಿಸಬೇಕು. ಗರ್ಡರ್ ಫ್ಲೇಂಜಿಗೆ, ಟ್ರಸ್ಸಿನ ಕಾರ್ಡ್‌ಗೆ (ಮೇಲಿನ, ಕೆಳಗಿನ ಉದ್ದ ಅಂಗ) ಬೇಕಿಲ್ಲ.

4. ಗಾಳಿಯ ಭಾರ: ಎರಡು ಬೇರೆ ಲೆಕ್ಕ

ಸೇತುವೆ ಖಾಲಿ ಇರುವಾಗ ಆ ಊರಿನ ಪೂರ್ತಿ ಗಾಳಿ. ರೈಲು ಮೇಲಿರುವಾಗ ಬ್ರಾಡ್‌ಗೇಜ್‌ಗೆ ಹೆಚ್ಚೆಂದರೆ ಚದರ ಮೀಟರಿಗೆ 150 ಕೆ.ಜಿ.; ಅದಕ್ಕಿಂತ ಜೋರು ಗಾಳಿಯಲ್ಲಿ ಸೇತುವೆಯ ಮೇಲೆ ರೈಲು ಇರುವುದಿಲ್ಲ ಎಂಬುದು ನಿಯಮದ ಎಣಿಕೆ. ಮೀಟರ್‌ಗೇಜ್‌ಗೆ ಈ ಮಿತಿ 100, ಪಾದಚಾರಿ ಸೇತುವೆಗೆ 75.

ಗಾಳಿಯ ವೇಗವನ್ನು ಒತ್ತಡಕ್ಕೆ ತಿರುಗಿಸಲು 0.6 × ವೇಗದ ವರ್ಗ. ವೇಗ ಸೆಕೆಂಡಿಗೆ ಮೀಟರಿನಲ್ಲಿ ಕೊಟ್ಟರೆ ಉತ್ತರ ಚದರ ಮೀಟರಿಗೆ ನ್ಯೂಟನ್‌ನಲ್ಲಿ ಬರುತ್ತದೆ; 9.81ರಿಂದ ಭಾಗಿಸಿದರೆ ಕೆ.ಜಿ. ಭಾರತೀಯ ಮಾನಕ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಮೂಲ ವೇಗ 33, ಮಂಗಳೂರಿಗೆ 39, ಚೆನ್ನೈಗೆ 50. ಎತ್ತರ, ಬಯಲು, ಆಕಾರ ಯಾವುದನ್ನೂ ಸೇರಿಸದೆ ಮಂಗಳೂರಿಗೆ ಸುಮಾರು 93 ಕೆ.ಜಿ., ಚೆನ್ನೈಗೆ ಸುಮಾರು 153 ಕೆ.ಜಿ. ವೇಗ ಹೆಚ್ಚಿದ್ದು ಕಾಲುಭಾಗದಷ್ಟು, ಒತ್ತಡ ಹೆಚ್ಚಿದ್ದು ಮೂರರಲ್ಲಿ ಎರಡು ಪಾಲು. ನದಿಯ ಬಾಯಲ್ಲಿ, ಕಣಿವೆಯ ಮೇಲೆ ನಿಂತ ಸೇತುವೆಗೆ ಊರೊಳಗಿನ ಹವಾಮಾನ ಕೇಂದ್ರದ ಅಂಕಿ ಯಾವಾಗಲೂ ಕಡಿಮೆಯೇ.

ವಿಸ್ತೀರ್ಣ: ರೈಲಿನದ್ದು ಹಳಿಯಿಂದ 600 ಮಿ.ಮೀ. ಮೇಲಿನಿಂದ ಬೋಗಿಯ ನೆತ್ತಿಯವರೆಗೆ. ಗಾಳಿಮುಖದ ಗರ್ಡರ್ ಪೂರ್ತಿ. ಗಾಳಿಮರೆಯ ಪ್ಲೇಟ್ ಗರ್ಡರ್, ಎರಡರ ನಡುವಿನ ಅಂತರ ಎತ್ತರದ ಅರ್ಧಕ್ಕಿಂತ ಕಡಿಮೆಯಿದ್ದರೆ ಲೆಕ್ಕಕ್ಕಿಲ್ಲ. ಅಂತರ ಬೆಳೆದಂತೆ ಕಾಲುಭಾಗ, ಅರ್ಧ, ಹೀಗೆ ಏರುತ್ತ ಪೂರ್ತಿಗೆ ಬರುತ್ತದೆ. ಟ್ರಸ್ಸಾದರೆ ಗಾಳಿಮರೆಯದ್ದು ಅರ್ಧ.

5. ಒಂದು ಸ್ಪ್ಯಾನ್ ಕೈಯಲ್ಲೇ ಲೆಕ್ಕ ಹಾಕೋಣ

ಡೆಕ್ ಮಾದರಿಯ, ಅಂದರೆ ಗರ್ಡರ್ ನೆತ್ತಿಯ ಮೇಲೆ ಹಳಿ ಇರುವ, ಪ್ಲೇಟ್ ಗರ್ಡರ್. ಲೆಕ್ಕಕ್ಕೆಂದು ಹಿಡಿದ ಅಳತೆಗಳು: ಪರಿಣಾಮಿ ಸ್ಪ್ಯಾನ್ (ಬೇರಿಂಗಿನಿಂದ ಬೇರಿಂಗಿಗೆ) 19.4 ಮೀ., ಗರ್ಡರ್ ಎತ್ತರ 1.7 ಮೀ., ಗರ್ಡರ್‌ಗಳ ಅಂತರ 1.83 ಮೀ., ಗರ್ಡರ್ ನೆತ್ತಿಯಿಂದ ಹಳಿಯ ನೆತ್ತಿಗೆ 0.4 ಮೀ., ಹಳಿ ಸೇರಿ ಸ್ವಂತ ಭಾರ ಮೀಟರಿಗೆ 1.5 ಟನ್. ಗಾಳಿ 150 ಕೆ.ಜಿ.

ಮೊದಲು ಉರುಳುವ ಲೆಕ್ಕ. ಖಾಲಿ ಬಾಕ್ಸ್‌ಎನ್ (ಮೇಲೆ ತೆರೆದ ಗೂಡ್ಸ್) ವ್ಯಾಗನ್ ಸುಮಾರು 22.5 ಟನ್, ಉದ್ದ 10.71 ಮೀ., ಅಂದರೆ ಮೀಟರಿಗೆ 2.1 ಟನ್. ಹಳಿಯಿಂದ ಎತ್ತರ 3.225 ಮೀ., ಗಾಳಿಗೆ ಸಿಗುವುದು 2.625 ಮೀ. ವ್ಯಾಗನ್ ಮೇಲಿನ ಗಾಳಿ ಮೀಟರಿಗೆ 394 ಕೆ.ಜಿ.; ಬೇರಿಂಗ್ ಮಟ್ಟದಿಂದ ಅದರ ಎತ್ತರ 4.01 ಮೀ.; ಉರುಳಿಸುವ ಮೊಮೆಂಟ್ (ಬಲ × ಎತ್ತರ) 1,580. ಗರ್ಡರ್‌ಗಳ ಅಂತರ ಎತ್ತರಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ ಗಾಳಿಮರೆಯದ್ದು ಅರ್ಧ: ಗರ್ಡರ್‌ಗಳಿಂದ 325, ಹಳಿ ಮತ್ತು ಸ್ಲೀಪರ್ ಪಟ್ಟಿಯಿಂದ 114. ಒಟ್ಟು ಮೀಟರಿಗೆ ಸುಮಾರು 2,020 ಕೆ.ಜಿ.-ಮೀ. ತಡೆಯುವುದು (2.1 + 1.5) ಟನ್ × 0.915 ಮೀ. = 3,294. ಅನುಪಾತ 1.63.

ಈಗ ಅದೇ ಜಾಗಕ್ಕೆ ಜನರಿಲ್ಲದ ಪ್ರಯಾಣಿಕ ಬೋಗಿಯನ್ನು ತನ್ನಿ: 22.3 ಮೀ. ಉದ್ದ, ಸುಮಾರು 38 ಟನ್, ಮೀಟರಿಗೆ 1.7 ಟನ್, ನೆತ್ತಿ 4 ಮೀ. ಗಾಳಿ 510 ಕೆ.ಜಿ., ಸನ್ನೆ 4.4 ಮೀ., ಮೊಮೆಂಟ್ 2,244. ಉಳಿದದ್ದು ಸೇರಿ 2,683. ತಡೆಯುವುದು 2,928. ಅನುಪಾತ 1.09. ಗಾಳಿಯಿಲ್ಲದಾಗ ಗಾಳಿಮುಖದ ಒಂದೊಂದು ಬೇರಿಂಗ್ ಮೇಲೆ 15.5 ಟನ್ ಇದ್ದದ್ದು 1.3 ಟನ್ನಿಗೆ ಇಳಿಯುತ್ತದೆ. ತುಂಬಿದ ಗೂಡ್ಸಿನಲ್ಲಿ ಅನುಪಾತ 4 ದಾಟುತ್ತದೆ. ಭಾರವಾದ ರೈಲಿಗೆ ಪಾಸಾದ ಸೇತುವೆ ಹಗುರ ರೈಲಿಗೆ ನಪಾಸಿನ ಅಂಚಿಗೆ ಬರುವುದು ಹೀಗೆ. 1.3 ಟನ್ ಉಳಿದ ಜಾಗದಲ್ಲಿ ಆಂಕರ್ ಬೋಲ್ಟು ಅಲಂಕಾರವಲ್ಲ.

ಮುಂದೆ ಗಾಳಿಮರೆಯ ಗರ್ಡರ್. ಇಲ್ಲಿ ಲೆಕ್ಕಗಾರರು ಅತ್ತ ಅತಿ ಮಾಡುತ್ತಾರೆ, ಇಲ್ಲ ಇತ್ತ. ತುಂಬಿದ ಬಾಕ್ಸ್‌ಎನ್ ಗೂಡ್ಸಿಗೆ 2,020 ಅನ್ನು 1.83ರಿಂದ ಭಾಗಿಸಿದರೆ ಮೀಟರಿಗೆ 1.10 ಟನ್. ಇದು ಬೇರಿಂಗಿಗೆ ಬರುವ ಹೆಚ್ಚುವರಿ. ಗರ್ಡರ್ ನಡುವಿಗೆ ಇಷ್ಟು ಬರುವುದಿಲ್ಲ, ಏಕೆಂದರೆ ಅಡ್ಡಬಲವನ್ನು ಮೇಲಿನ ಬ್ರೇಸಿಂಗ್ ಎರಡೂ ತುದಿಗೆ ಒಯ್ದು ತುದಿಯ ಕ್ರಾಸ್ ಫ್ರೇಮ್ (ಎರಡು ಗರ್ಡರ್‌ಗಳನ್ನು ಕಟ್ಟುವ ಅಡ್ಡ ಚೌಕಟ್ಟು) ಮೂಲಕ ಕೆಳಗಿಳಿಸುತ್ತದೆ. ನಡುವಿಗೆ ತಗಲುವುದು ಬ್ರೇಸಿಂಗ್ ಮಟ್ಟಕ್ಕಿಂತ ಮೇಲಿನ ಮೊಮೆಂಟ್ ಮಾತ್ರ: ಮೀಟರಿಗೆ ಸುಮಾರು 0.5 ಟನ್. ತುಂಬಿದ ವ್ಯಾಗನ್ ಮೀಟರಿಗೆ 7.59 ಟನ್; ಸಿಡಿಎ 0.465 ಸೇರಿಸಿ ಅರ್ಧ ತೆಗೆದುಕೊಂಡರೆ 5.56, ಸ್ವಂತ ಭಾರ 0.75, ಒಟ್ಟು 6.31. ಅಂದರೆ ಗಾಳಿಯಿಂದ ನಡುವಿಗೆ ಶೇ. 8, ಬೇರಿಂಗಿಗೆ ಶೇ. 17.5 ಏರಿಕೆ. ಗಾಳಿ ಸೇರಿದಾಗ ಕೋಡ್ ಅನುಮತಿಸುವ ಒತ್ತಡ ಆರರಲ್ಲೊಂದು ಪಾಲು, ಅಂದರೆ ಶೇ. 16.7 ಹೆಚ್ಚುತ್ತದೆ. ನಡುಭಾಗ ಆರಾಮ, ತುದಿ ಗೆರೆಯ ಮೇಲೆ. ಇಂಜಿನ್ ಭಾರ ಹಿಡಿದರೆ ಗಾಳಿಯ ಪಾಲು ಇನ್ನೂ ಇಳಿಯುತ್ತದೆ. ತುದಿಯ ಕ್ರಾಸ್ ಫ್ರೇಮ್ ಕಳಚಿಕೊಂಡಿದ್ದರೆ ಮಾತ್ರ ಈ ಹಂಚಿಕೆಯೇ ಸುಳ್ಳಾಗುತ್ತದೆ.

ಕೊನೆಗೆ ಬ್ರೇಸಿಂಗ್. ಪ್ರಯಾಣಿಕ ಬೋಗಿ, ಹಳಿ, ಗರ್ಡರ್‌ಗಳ ಮೇಲಿನ ಗಾಳಿ ಒಟ್ಟು ಮೀಟರಿಗೆ 952 ಕೆ.ಜಿ.; ರ‍್ಯಾಕಿಂಗ್ 600. ತುದಿಯ ಅಡ್ಡ ಪ್ರತಿಕ್ರಿಯೆ 15.1 ಟನ್. ಕರ್ಣದ ಆಂಗಲ್ 45 ಡಿಗ್ರಿಯಲ್ಲಿದ್ದು ಎಳೆತಕ್ಕೆ ಮಾತ್ರ ಕೆಲಸ ಮಾಡುತ್ತದೆ ಎಂದರೆ ಅದರಲ್ಲಿ 21.3 ಟನ್. ಆಂಗಲ್ 90 × 90 × 10 ಇದ್ದರೆ, ಒಂದು ರಿವೆಟ್ ತೂತು ಕಳೆದು 14.7 ಚ.ಸೆಂ.ಮೀ.; ಒತ್ತಡ 142 ಎಂಪಿಎ (ಚದರ ಮಿ.ಮೀ.ಗೆ ಇಷ್ಟು ನ್ಯೂಟನ್). ಮೃದು ಉಕ್ಕಿಗೆ ಸುಮಾರು 140, ಗಾಳಿಯ ಹೆಚ್ಚಳ ಸೇರಿ 163ರವರೆಗೆ ಬಿಡಬಹುದು. ಪಾಸು. ಅದೇ ಆಂಗಲ್ ತುಕ್ಕಿನಿಂದ 8 ಮಿ.ಮೀ.ಗೆ ಇಳಿದಿದ್ದರೆ ಉಳಿಯುವುದು 11.9 ಚ.ಸೆಂ.ಮೀ., ಒತ್ತಡ 176. ನಪಾಸು. ಎರಡೇ ಮಿಲಿಮೀಟರ್. ಒಂದು ಕಾಲನ್ನಷ್ಟೇ ರಿವೆಟ್ ಮಾಡಿರುವುದರಿಂದ ಎದ್ದು ನಿಂತ ಕಾಲನ್ನು ಪೂರ್ತಿ ಎಣಿಸುವಂತೆಯೂ ಇಲ್ಲ, ಹಾಗಾಗಿ ನಿಜವಾದ ಅಂಕಿ ಇನ್ನೂ ಕೆಟ್ಟದ್ದು. ರಿವೆಟ್: ಹೊಡೆದ ಮೇಲೆ 23.5 ಮಿ.ಮೀ. ಆಗುವ ಸೈಟ್ ರಿವೆಟ್ ಒಂದಕ್ಕೆ ಸುಮಾರು 4.2 ಟನ್, ಗಾಳಿಯ ಹೆಚ್ಚಳ ಸೇರಿ 4.9. 21.3 ಟನ್ನಿಗೆ 5 ಬೇಕು. ಐದರಲ್ಲಿ ಒಂದು ಸಡಿಲವಾದರೆ ಕಟ್ಟು ಸಾಲದು. 110 ಗ್ರಾಂ ಸುತ್ತಿಗೆಗೆ ಅಷ್ಟು ಬೆಲೆ ಬರುವುದು ಇಲ್ಲಿ.

ಇದೇ ಗಾಳಿ ಗರ್ಡರ್ ಫ್ಲೇಂಜಿನಲ್ಲಿ ಹುಟ್ಟಿಸುವುದು 24.5 ಟನ್, ಫ್ಲೇಂಜ್ 200 ಚ.ಸೆಂ.ಮೀ. ಇದ್ದರೆ ಬರೀ 12 ಎಂಪಿಎ. ಹೋಲಿಸಿ ನೋಡಿ.

6. ಟ್ರಸ್ ಆದರೆ

ಥ್ರೂ ಟ್ರಸ್ಸಿನಲ್ಲಿ ಮೇಲಿನ ಅರ್ಧದ ಗಾಳಿ ಮೇಲಿನ ಬ್ರೇಸಿಂಗಿನಿಂದ ತುದಿಯ ಪೋರ್ಟಲ್‌ಗೆ (ರೈಲು ಒಳಹೋಗುವ ಬಾಗಿಲಿನಂಥ ಚೌಕಟ್ಟು) ಬಂದು, ಅಲ್ಲಿಂದ ಓರೆಯಾದ ತುದಿ ಕಂಬಗಳನ್ನು ಬಾಗಿಸುತ್ತ ಇಳಿಯುತ್ತದೆ. ಆ ಕಂಬಗಳು ಆಗಲೇ ರೈಲಿನ ಭಾರದಿಂದ ಒತ್ತಿಸಿಕೊಂಡಿರುತ್ತವೆ. ಒತ್ತು ಮತ್ತು ಬಾಗು ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕು. ಅಳತೆ ಮೀರಿದ ಸಾಮಾನು ಹೊತ್ತ ವ್ಯಾಗನ್ ತಗಲಿ ಪೋರ್ಟಲ್ ಆಂಗಲ್ ಸೊಟ್ಟಗಾಗಿದೆಯೇ ನೋಡಿ. ನೂಲು ಹಿಡಿದು ಬಾಗನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ, 'ಸ್ವಲ್ಪ ಬಾಗಿದೆ' ಎಂದಲ್ಲ.

ಮೇಲೆ ಬ್ರೇಸಿಂಗೇ ಇಲ್ಲದ ತೆರೆದ ಸೇತುವೆಗಳಲ್ಲಿ ಮೇಲಿನ ಕಾರ್ಡ್ ಪಕ್ಕಕ್ಕೆ ಬಾಗದಂತೆ ಹಿಡಿಯುವುದು ಕ್ರಾಸ್ ಗರ್ಡರ್ ಮತ್ತು ನಿಲುಗಂಬ ಸೇರಿದ 'ಯು' ಚೌಕಟ್ಟು. ಅದರ ಮೂಲೆಯ ರಿವೆಟ್ ಸಡಿಲಾದರೆ ಕಾರ್ಡಿನ ಬಲ ಲೆಕ್ಕದಲ್ಲಿ ಇದ್ದಷ್ಟು ಇರುವುದಿಲ್ಲ.

7. ದಣಿವು

ಗಾಳಿ ಅಪರೂಪಕ್ಕೆ ಬಂದು ಹೋಗುತ್ತದೆ, ದಣಿಸುವುದು ರೈಲು. 58 ವ್ಯಾಗನ್‌ಗಳ ಗೂಡ್ಸು ದಾಟಿದಾಗ ಮುಖ್ಯ ಗರ್ಡರ್‌ಗೆ ಸುಮಾರಾಗಿ ಒಂದು ದೊಡ್ಡ ಸುತ್ತು (ಒತ್ತಡ ಒಮ್ಮೆ ಏರಿ ಇಳಿಯುವುದು). 6 ಮೀ. ಸ್ಟ್ರಿಂಜರ್‌ಗೆ ಅಕ್ಕಪಕ್ಕದ ವ್ಯಾಗನ್‌ಗಳ ಚಕ್ರದ ಟ್ರಾಲಿ ಜೋಡಿ ದಾಟಿದಂತೆಲ್ಲ ಒಂದು, ಒಟ್ಟು ಸುಮಾರು 59. ದಿನಕ್ಕೆ ಇಂಥ 20 ರೈಲು ಓಡಿದರೆ ಗರ್ಡರ್‌ಗೆ ವರ್ಷಕ್ಕೆ 7,300 ಸುತ್ತು, ಸ್ಟ್ರಿಂಜರ್‌ಗೆ 4.3 ಲಕ್ಷ. ಗರ್ಡರ್ ನೂರು ವರ್ಷದಲ್ಲಿ ಕಾಣದಷ್ಟನ್ನು ಸ್ಟ್ರಿಂಜರ್ ಎರಡು ವರ್ಷದಲ್ಲಿ ಕಾಣುತ್ತದೆ.

ಯೂರೋಪಿನಲ್ಲಿ ಹಳೆಯ ರಿವೆಟ್ ಜೋಡಣೆಗೆ ಸಾಮಾನ್ಯವಾಗಿ 71ರ ವರ್ಗ ಹಿಡಿಯುತ್ತಾರೆ: 71 ಎಂಪಿಎ ಏರಿಳಿತವನ್ನು 20 ಲಕ್ಷ ಸಲ ತಾಳಬೇಕು. ಎಲ್ಲ ಏರಿಳಿತಗಳೂ 52ರ ಕೆಳಗಿದ್ದರೆ ಚಿಂತೆಯಿಲ್ಲ. ಕೆಲವು ಅದನ್ನು ದಾಟಿದರೆ 29ರವರೆಗಿನ ಚಿಕ್ಕವನ್ನೂ ಸೇರಿಸಿ ಹಾನಿ ಕೂಡಿಸುತ್ತ ಹೋಗಬೇಕು. ತೂತು ಕಳೆದ ನಿವ್ವಳ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಬೇಕು. ಬಿರುಕು ಹುಡುಕಬೇಕಾದ ಜಾಗ ಸ್ಟ್ರಿಂಜರ್ ಕ್ರಾಸ್ ಗರ್ಡರ್‌ಗೆ ಸೇರುವ ಆಂಗಲ್‌ನ ಮೂಲೆ ಮತ್ತು ಸ್ಟ್ರಿಂಜರ್ ಫ್ಲೇಂಜನ್ನು ಕತ್ತರಿಸಿ ಕೂಡಿಸಿದ ಕಡೆ. ಬಣ್ಣ ಕೂದಲೆಳೆಯಂತೆ ಬಿರಿದು ಅಂಚಿನಲ್ಲಿ ತುಕ್ಕು ಒಸರಿದ್ದರೆ ಅಲ್ಲಿ ಡೈ ಹಾಕಿ.

8. ಅಳೆದು ನೋಡುವುದು

ಕಾಗದದ ಲೆಕ್ಕದಲ್ಲಿ ಸ್ವಲ್ಪದರಲ್ಲಿ ಸೋತ ಸೇತುವೆಗೆ ಮಾತ್ರ ಈ ಖರ್ಚು ಮಾಡಿ. ಸ್ಟ್ರೇನ್ ಗೇಜು (ಲೋಹದ ಹಿಗ್ಗು ಅಳೆಯುವ ಪಟ್ಟಿ) ಅಂಟಿಸುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅಂಟಿಸಿ, ತೇವ ಹೋಗದಂತೆ ಮುಚ್ಚಿ. 100 ಮೈಕ್ರೋಸ್ಟ್ರೇನ್ (ಹತ್ತು ಲಕ್ಷದಲ್ಲಿ ನೂರು ಪಾಲು ಹಿಗ್ಗು) ಎಂದರೆ ಉಕ್ಕಿನಲ್ಲಿ ಸುಮಾರು 20 ಎಂಪಿಎ. ಫ್ಲೇಂಜಿನ ಎರಡೂ ಅಂಚಿಗೆ ಒಂದೊಂದು ಗೇಜು ಬೇಕು; ಒಂದೇ ಇದ್ದರೆ ನೇರ ಬಾಗು ಎಷ್ಟು, ಅಡ್ಡ ಬಾಗು ಎಷ್ಟು ಎಂದು ಬಿಡಿಸಲು ಆಗುವುದಿಲ್ಲ.

ತೂಕ ಗೊತ್ತಿರುವ ಒಂದೇ ಇಂಜಿನನ್ನು ಮೊದಲು ತೆವಳುವ ವೇಗದಲ್ಲಿ, ಆಮೇಲೆ ಹಂತಹಂತವಾಗಿ ವೇಗ ಏರಿಸಿ, ಪ್ರತಿ ವೇಗಕ್ಕೂ ಮೂರು ಸಲವಾದರೂ ಓಡಿಸಿ. ವೇಗದ ಓದಿನಿಂದ ತೆವಳಿದ ಓದನ್ನು ಕಳೆದು, ತೆವಳಿದ ಓದಿನಿಂದ ಭಾಗಿಸಿದರೆ ಆ ಸೇತುವೆಯ ಸ್ವಂತ ಸಿಡಿಎ. ಸೂತ್ರಕ್ಕಿಂತ ಕಡಿಮೆ ಬರುವುದೇ ಹೆಚ್ಚು. ಹೆಚ್ಚು ಬಂದರೆ ಗರ್ಡರ್ ಮೇಲೆ ಅನುಮಾನ ಪಡುವ ಮೊದಲು ಹಳಿಯ ಕೀಲು, ಅಬಟ್‌ಮೆಂಟ್ (ಸೇತುವೆ ತುದಿಯ ಗೋಡೆ) ಹಿಂದಿನ ಕುಸಿದ ಮಣ್ಣು ನೋಡಿ. ಅಳೆದ ಒತ್ತಡ ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೂ ಹಿಗ್ಗಬೇಡಿ: ಕಚ್ಚಿಕೊಂಡ ಬೇರಿಂಗು ಗರ್ಡರ್‌ಗೆ ತಾತ್ಕಾಲಿಕ ಬಲ ಕೊಟ್ಟಿರಬಹುದು. ಬೇರಿಂಗ್ ಬಿಡಿಸಿದ ದಿನ ಆ ಬಲ ಹೋಗುತ್ತದೆ.

9. ತೀರ್ಮಾನ ಮತ್ತು ಗಾಳಿಮಾಪಕ

ಅಂಗ ಅಂಗಕ್ಕೂ ಪಟ್ಟಿ ಮಾಡಿ: ಬೇಕಾದ ಬಲ, ಇರುವ ಬಲ, ಯಾವ ಭಾರದಲ್ಲಿ ಸೋತಿತು. ಬ್ರೇಸಿಂಗ್ ಸೋತಿದ್ದರೆ ಆಂಗಲ್ ಬದಲಿಸಿ, ಸಡಿಲ ರಿವೆಟ್ ಕಿತ್ತು ತೂತು ರೀಮ್ ಮಾಡಿ (ಕೊರೆದು ನಯಗೊಳಿಸಿ) ಹೈಟೆನ್ಸೈಲ್ (ಹೆಚ್ಚು ಬಲದ) ಬೋಲ್ಟು ಹಾಕಿ; ಕೆಲವು ದಿನಗಳ ಬ್ಲಾಕಿನಲ್ಲಿ ಮುಗಿಯುವ ಕೆಲಸ. ಸ್ಟ್ರಿಂಜರ್ ಸೋತಿದ್ದರೆ ವೇಗ ಮಿತಿ ಸಿಡಿಎಯನ್ನು ಇಳಿಸುತ್ತದೆ, ನಿಂತ ಭಾರವನ್ನಲ್ಲ. ಎಕ್ಸೆಲ್ ಭಾರವೇ ಜಾಸ್ತಿಯಾಗಿದ್ದರೆ ಎಷ್ಟು ನಿಧಾನ ಓಡಿಸಿದರೂ ಪ್ರಯೋಜನವಿಲ್ಲ. ಉರುಳುವ ಅನುಪಾತ ಸಾಲದಿದ್ದರೆ ಆಂಕರ್ ಬಲಪಡಿಸಬೇಕು, ಅಥವಾ ಗಾಳಿ ಜೋರಾದಾಗ ರೈಲು ನಿಲ್ಲಿಸಬೇಕು.

ನಿಲ್ಲಿಸುವ ಮಿತಿ ಬರೆದರೆ ಸಾಲದು, ಅದು ಸಿಗ್ನಲ್‌ಗೆ ತಲುಪಬೇಕು. ಜಪಾನಿನ ಅಮರುಬೆ ಸೇತುವೆಯಲ್ಲಿ 1986ರ ಡಿಸೆಂಬರ್ 28ರಂದು, ಟೇ ಬಿದ್ದ ತಾರೀಖಿನಲ್ಲೇ, ಜನರಿಲ್ಲದ ಬೋಗಿಗಳು ಗಾಳಿಗೆ 41 ಮೀ. ಕೆಳಗಿನ ಕಾರ್ಖಾನೆಯ ಮೇಲೆ ಬಿದ್ದು ಆರು ಮಂದಿ ಸತ್ತರು. ಸೇತುವೆಗೆ ಏನೂ ಆಗಲಿಲ್ಲ. ಸೆಕೆಂಡಿಗೆ 25 ಮೀ. ಮಿತಿಯ ಎಚ್ಚರಿಕೆ ಗಂಟೆ ಹೊಡೆದಿತ್ತು, ರೈಲು ನಿಂತಿರಲಿಲ್ಲ. ಆಮೇಲೆ ಮಿತಿಯನ್ನು 20ಕ್ಕೆ ಇಳಿಸಿದರು. ನಮ್ಮ ಹಳೆಯ ಪಾಂಬನ್ ಸೇತುವೆಯಲ್ಲಿ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ಬಿಡುತ್ತಿರಲಿಲ್ಲ. ಒತ್ತಡದಲ್ಲಿ ಅದು ಚದರ ಮೀಟರಿಗೆ ಸುಮಾರು 16 ಕೆ.ಜಿ., ನಿಯಮದ 150ರ ಒಂಬತ್ತರಲ್ಲಿ ಒಂದು ಪಾಲು. ಲೆಕ್ಕದ ಮಿತಿ ಬೇರೆ, ಓಡಿಸುವ ಮಿತಿ ಬೇರೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ 1988ರ ಜುಲೈ 8ರಂದು ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕಾಯಲಿಗೆ ಬಿದ್ದಾಗ ವಿಚಾರಣೆ ಸುಂಟರಗಾಳಿಯೆಂದಿತು, ಊರವರು ಒಪ್ಪಲಿಲ್ಲ. ಇಂಥ ವಾದ ತೀರಬೇಕಾದರೆ ಸೇತುವೆಯ ಮೇಲೆಯೇ ಅಳೆದ ಗಾಳಿಯ ದಾಖಲೆ ಬೇಕು.

ಕೊಂಕಣ ರೈಲ್ವೆ ಪಣವಲ್, ಮಾಂಡೋವಿ, ಜುವಾರಿ ಸೇತುವೆಗಳ ಜೊತೆಗೆ ಹೊನ್ನಾವರದ ಶರಾವತಿ ಸೇತುವೆಯಲ್ಲೂ ಗಾಳಿಮಾಪಕ ಇಟ್ಟಿದೆ. ನೀವು ಇಡುವುದಾದರೆ ಬೋಗಿಯ ನಡು ಎತ್ತರಕ್ಕೆ, ಟ್ರಸ್ಸಿನ ಮರೆ ಬೀಳದಂತೆ, ಗಾಳಿ ಹೆಚ್ಚು ಬರುವ ಬದಿಯಲ್ಲಿ ಹೊರಚಾಚಿ ಇಡಿ. ಸರಾಸರಿ ವೇಗವನ್ನಲ್ಲ, ಮೂರು ಸೆಕೆಂಡಿನ ಬೀಸನ್ನು ದಾಖಲಿಸುವಂತೆ ಹೊಂದಿಸಿ. ಬಟ್ಟಲು ತಿರುಗುವ ಮಾದರಿಯದ್ದಾದರೆ ಅದರ ಬೇರಿಂಗಿಗೆ ಕಡಲ ಉಪ್ಪು ಕೂತು ವೇಗ ಕಡಿಮೆ ತೋರಿಸತೊಡಗುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೊಳೆದು, ಕೈಮಾಪಕದ ಪಕ್ಕದಲ್ಲಿಟ್ಟು ಹೋಲಿಸಿ.